ಕ್ರಮೇಣ: ತೂಕ ಇಳಿಸಲು ಹೊಸದಾಗಿ ವ್ಯಾಯಾಮ ತೊಡಗುವವರಿಗೆ

ಶರಣಧರ್ಮವು ಶರೀರವನ್ನು ಹೀಗಳೆದ ಧರ್ಮವಲ್ಲ. ಇಷ್ಟಲಿಂಗವನ್ನು ಧರಿಸುವುದು ಈ ಅಂಗದ ಮೇಲೆಯೇ. ಕಾಯಕವನ್ನು ಮಾಡುವುದು ಈ ಕೈಕಾಲುಗಳಿಂದಲೇ. ದಾಸೋಹದ ಪಂಕ್ತಿಯಲ್ಲಿ ಬಡಿಸಲು ಬೇಕಾದುದೂ ಬಾಗಿ ಏಳಬಲ್ಲ ಸೊಂಟವೇ. 12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರು ವೈದ್ಯವೃತ್ತಿಯನ್ನೇ ಕಾಯಕವನ್ನಾಗಿ ಮಾಡಿಕೊಂಡಿದ್ದರೆಂಬುದನ್ನು ನೆನೆದರೆ, ಶರೀರದ ಆರೈಕೆಯು ಸಾಧನೆಗೆ ಹೊರಗಿನದಲ್ಲವೆಂಬುದು ತಿಳಿಯುತ್ತದೆ.

ಇಂದು ಬೆಳಗಾವಿ ನಗರದಿಂದಲೂ ಖಾನಾಪುರ ತಾಲ್ಲೂಕಿನ ಹಳ್ಳಿಗಳಿಂದಲೂ ನಮ್ಮ ಬಳಿಗೆ ಬರುವ ನಡುವಯಸ್ಸಿನ ರೋಗಿಗಳಲ್ಲಿ ಹೆಚ್ಚಿನವರ ದೂರುಗಳು ಒಂದನ್ನೊಂದು ಹೋಲುತ್ತವೆ. ಮೊಣಕಾಲು ನೋವು, ಮೆಟ್ಟಿಲೇರುವಾಗ ಏದುಸಿರು, ರಕ್ತದಲ್ಲಿ ಏರುತ್ತಿರುವ ಸಕ್ಕರೆ, ರಕ್ತದೊತ್ತಡ. ಇವೆಲ್ಲದರ ಹಿಂದೆ ಹೆಚ್ಚಿದ ತೂಕ. ವ್ಯಾಯಾಮ ಮಾಡಬೇಕೆಂಬುದನ್ನು ಅರಿಯದವರು ಅವರಲ್ಲಿ ಒಬ್ಬರೂ ಇಲ್ಲ. ಮಾಡಿ ನೋಡದವರೂ ಕಡಿಮೆಯೇ. ದೀಪಾವಳಿಯ ಮರುದಿನವೋ ಯುಗಾದಿಯ ಮುಂಜಾನೆಯೋ ಹುರುಪಿನಿಂದ ತೊಡಗಿ, ಹದಿನೈದು ದಿನಗಳಲ್ಲಿ ಬಿಟ್ಟು, "ನಮ್ಮಿಂದ ಆಗದ ಕೆಲಸ" ಎಂದು ಕೈಚೆಲ್ಲಿದವರೇ ಬಹಳ. ಆದ್ದರಿಂದ ಈ ಲೇಖನದಲ್ಲಿ ವ್ಯಾಯಾಮದ ಮಹಿಮೆಯನ್ನು ಹೊಗಳುವುದನ್ನು ಬಿಟ್ಟು, ಅದನ್ನು ತೊಡಗುವ ಬಗೆ ಹೇಗೆ, ತೊಡಗಿದ್ದು ಉಳಿಯುವ ಬಗೆ ಹೇಗೆ ಎಂಬುದನ್ನಷ್ಟೇ ವಿವೇಚಿಸುತ್ತೇವೆ.

ಶಾಸ್ತ್ರ ಹೇಳುವ ಸ್ಥೌಲ್ಯ

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲತೆಯ ವಿಸ್ತಾರವಾದ ವಿವರಣೆಯಿದೆ. ಆಯುಷ್ಯ ಕುಗ್ಗುವುದು, ಚಲನೆ ಮಂದವಾಗುವುದು, ದೌರ್ಬಲ್ಯ, ಅತಿಯಾದ ಬೆವರು, ಅತಿಯಾದ ಹಸಿವು, ಅತಿಯಾದ ನೀರಡಿಕೆ ಮೊದಲಾಗಿ ಎಂಟು ದೋಷಗಳನ್ನು ಆಚಾರ್ಯರು ಎಣಿಸಿದ್ದಾರೆ. ಕಾರಣಗಳ ಪಟ್ಟಿಯಲ್ಲಿ ಅತಿಭೋಜನ, ಸಿಹಿ ಮತ್ತು ಜಿಡ್ಡಿನ ಪದಾರ್ಥಗಳ ಸೇವನೆ, ಹಗಲುನಿದ್ರೆ, ವ್ಯಾಯಾಮವಿಲ್ಲದಿರುವಿಕೆ ಇವೆ. ಇವುಗಳ ಜೊತೆಗೆ ಬೀಜಸ್ವಭಾವ, ಅಂದರೆ ತಂದೆತಾಯಿಗಳಿಂದ ಬಂದ ಗುಣವೂ ಇದೆ. ಈ ಮಾತು ಮುಖ್ಯವಾದುದು. ಒಂದೇ ಮನೆಯಲ್ಲಿ ಒಂದೇ ಊಟ ಉಣ್ಣುವ ಇಬ್ಬರಲ್ಲಿ ಒಬ್ಬರು ದಪ್ಪಗಾಗುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಸ್ಥೂಲರನ್ನು ನಗೆಗೀಡು ಮಾಡುವವರು ಇದನ್ನು ಅರಿಯಬೇಕು. ತಮ್ಮನ್ನು ತಾವೇ ಹಳಿದುಕೊಳ್ಳುವವರೂ ಅರಿಯಬೇಕು.

ಹಸಿವಿನ ಮಾತೂ ಹಾಗೆಯೇ. ಮೇದಸ್ಸು ಸ್ರೋತಸ್ಸುಗಳನ್ನು ತಡೆದಾಗ ವಾಯುವು ಕೋಷ್ಠದಲ್ಲಿಯೇ ಸುಳಿದಾಡಿ ಜಠರಾಗ್ನಿಯನ್ನು ಊದಿ ಹೆಚ್ಚಿಸುತ್ತದೆ. ಅದರಿಂದ ಸ್ಥೂಲನಿಗೆ ಹಸಿವು ಮಿಗಿಲು, ಉಂಡದ್ದು ಬೇಗ ಜೀರ್ಣ, ಮತ್ತೆ ಹಸಿವು ಎಂದು ಚರಕಾಚಾರ್ಯರ ಅಭಿಪ್ರಾಯ. ಆದುದರಿಂದ ಒಮ್ಮೆಲೇ ಉಪವಾಸಕ್ಕೂ ಕಠಿಣ ವ್ಯಾಯಾಮಕ್ಕೂ ಇಳಿದವರು ಹಸಿವಿಗೆ ಸೋತು ಮೊದಲಿಗಿಂತ ಹೆಚ್ಚು ಉಣ್ಣುವುದು ಆಶ್ಚರ್ಯವಲ್ಲ.

ಹಾಗಾದರೆ ಉಪಾಯವೇನು? ಅದೇ ಅಧ್ಯಾಯದಲ್ಲಿ ಸ್ಥೌಲ್ಯವನ್ನು ನೀಗಿಕೊಳ್ಳಬಯಸುವವನು ವ್ಯಾಯಾಮವೇ ಮೊದಲಾದುವನ್ನು ಹೆಚ್ಚಿಸಬೇಕೆಂದು ವಿಧಿಸುವಾಗ ಆಚಾರ್ಯರು ಒಂದು ಪದವನ್ನು ಸೇರಿಸಿದ್ದಾರೆ: ಕ್ರಮೇಣ. ನಮ್ಮ ದಿನನಿತ್ಯದ ಕನ್ನಡದಲ್ಲಿ ಬೆರೆತು ಹೋಗಿರುವ ಈ ಪದವನ್ನು ಕೇಳಿಯೂ ಕೇಳದಂತೆ ನಾವು ದಾಟಿಹೋಗುತ್ತೇವೆ. ವ್ಯಾಯಾಮ ಉಳಿಯುವುದೂ ಬಿದ್ದುಹೋಗುವುದೂ ಆ ಒಂದು ಪದದ ಮೇಲೆ ನಿಂತಿದೆ.

ಎಷ್ಟು ತೂಕ ಹೆಚ್ಚು?

ಭಾರತೀಯರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಹೆಚ್ಚಾದ್ದರಿಂದ ನಮ್ಮ ಅಳತೆ ಪಾಶ್ಚಾತ್ಯರ ಅಳತೆಗಿಂತ ಬಿಗಿಯಾದುದು. ಕಿಲೊಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ 23ನ್ನು ಮುಟ್ಟಿದರೆ ಅಧಿಕ ತೂಕ, 25ನ್ನು ಮುಟ್ಟಿದರೆ ಸ್ಥೌಲ್ಯ. 160 ಸೆಂಟಿಮೀಟರ್ ಎತ್ತರದವರಿಗೆ ಇದು ಸುಮಾರು 59 ಕಿಲೊ ಮತ್ತು 64 ಕಿಲೊ ಆಗುತ್ತದೆ. ಇದಕ್ಕಿಂತ ಸುಲಭವಾದುದು ದರ್ಜಿಯ ಟೇಪು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರನ್ನೂ ಹೆಂಗಸರಲ್ಲಿ 80 ಸೆಂಟಿಮೀಟರನ್ನೂ ಮೀರಬಾರದು. ತೊಡಗುವ ದಿನ ತೂಕ ಮತ್ತು ಸುತ್ತಳತೆ ಎರಡನ್ನೂ ದಿನದರ್ಶಿಕೆಯ ಹಾಳೆಯ ಮೇಲೆ ಬರೆದಿಡಿರಿ.

ಗುರಿಯನ್ನು ಚಿಕ್ಕದಾಗಿ ಇಟ್ಟುಕೊಳ್ಳಿರಿ. ಇರುವ ತೂಕದಲ್ಲಿ ನೂರಕ್ಕೆ 5ರಷ್ಟು ಇಳಿದರೂ ಸಕ್ಕರೆ, ರಕ್ತದೊತ್ತಡಗಳಲ್ಲಿ ಸುಧಾರಣೆ ಕಾಣತೊಡಗುತ್ತದೆ. 80 ಕಿಲೊ ಇರುವವರಿಗೆ ಅದು 4 ಕಿಲೊ ಮಾತ್ರ. ಮೊಣಕಾಲಿನ ಸವೆತವುಳ್ಳವರಿಗೆ ಇನ್ನೂ ಒಂದು ಸಮಾಧಾನವಿದೆ. ದೇಹದ ತೂಕ 1 ಕಿಲೊ ಇಳಿದರೆ, ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು 4 ಕಿಲೊ ಇಳಿಯುತ್ತದೆ.

ಹುರುಪು ಏಕೆ ಹದಿನೈದು ದಿನಕ್ಕೆ ಮುಗಿಯುತ್ತದೆ?

ಖಾನಾಪುರದ ಕಿರಾಣಿ ವ್ಯಾಪಾರಿಯೊಬ್ಬರ ಸಂಗತಿಯನ್ನು ಹೇಳುತ್ತೇವೆ. ವಯಸ್ಸು 48, ತೂಕ 92 ಕಿಲೊ. ಮುಂಜಾನೆಯಿಂದ ರಾತ್ರಿಯವರೆಗೆ ಗಲ್ಲೆಯ ಮುಂದೆ ಕುಳಿತಿರುವ ಕಾಯಕ. ಸಕ್ಕರೆ ಏರುತ್ತಿದೆಯೆಂದು ತಿಳಿದ ಮರುದಿನವೇ ಅವರು ಹೊಸ ಬೂಟು ಕೊಂಡು ಐದು ಕಿಲೊಮೀಟರ್ ಓಡಿದರು. ಏಳು ದಿನ ಓಡಿದರು. ಎಂಟನೆಯ ದಿನ ಮೊಣಕಾಲು ಊದಿಕೊಂಡಿತು. ಒಂದು ತಿಂಗಳ ವಿಶ್ರಾಂತಿಯಲ್ಲಿ ತೂಕ 94 ಆಯಿತು. ಅವರಿಗೆ ಮೊಣಕಾಲಿಗಿಂತಲೂ ಮನಸ್ಸೇ ಹೆಚ್ಚು ನೊಂದಿತ್ತು.

ಇಲ್ಲಿ ಆದದ್ದೇನು? ವ್ಯಾಯಾಮ ತೊಡಗಿದ ಮೇಲೆ ಉಸಿರು, ಹೃದಯ ಮತ್ತು ಮಾಂಸಖಂಡಗಳು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಕೀಲುಗಳನ್ನು ಹಿಡಿದಿಡುವ ಸ್ನಾಯುಬಂಧ, ಕಂಡರಗಳಿಗೆ ತಿಂಗಳುಗಳೇ ಬೇಕು. ಎದೆ "ಇನ್ನೂ ಓಡು" ಎನ್ನುವ ಹೊತ್ತಿಗೆ ಮೊಣಕಾಲು ಅದಕ್ಕೆ ಸಿದ್ಧವಾಗಿರುವುದಿಲ್ಲ. ಅತಿವ್ಯಾಯಾಮದಿಂದ ಬಾಯಾರಿಕೆ, ಬಳಲಿಕೆ, ಶ್ವಾಸ, ಕಾಸ, ಜ್ವರ, ವಾಂತಿ ಮುಂತಾದುವು ಬರುತ್ತವೆಂದು ವಾಗ್ಭಟಾಚಾರ್ಯರು ಎಚ್ಚರಿಸಿದ್ದಾರೆ. ಬಹುದಿನ ಕುಳಿತೇ ಇದ್ದ ನಡುವಯಸ್ಸಿನವರು ಒಮ್ಮೆಲೇ ಮೈಮುರಿದು ದಣಿದಾಗ ಹೃದಯಾಘಾತದ ಅಪಾಯವೂ ಉಂಟು. ಆದುದರಿಂದ ನಿಧಾನವಾಗಿ ತೊಡಗುವುದನ್ನು ಹೇಡಿತನವೆಂದು ಎಣಿಸಬಾರದು. ಚಿಕಿತ್ಸೆಯ ಮಾತ್ರೆಯ ಪ್ರಮಾಣದಂತೆ ಅದೂ ಒಂದು ಪ್ರಮಾಣ.

ಅರ್ಧಶಕ್ತಿ ಎಂಬ ಅಳತೆಗೋಲು

ವ್ಯಾಯಾಮದ ಪ್ರಮಾಣಕ್ಕೆ ಆಯುರ್ವೇದ ಕೊಟ್ಟಿರುವ ಅಳತೆ ಅರ್ಧಶಕ್ತಿ. ತನ್ನಲ್ಲಿರುವ ಬಲದ ಅರ್ಧವನ್ನು ಮಾತ್ರ ವ್ಯಯಿಸಿ ನಿಲ್ಲಿಸಬೇಕು. ಅರ್ಧವಾಯಿತೆಂದು ತಿಳಿಯುವುದು ಹೇಗೆಂಬುದಕ್ಕೆ ಆಯುರ್ವೇದದ ಗ್ರಂಥಗಳಲ್ಲಿ ಗುರುತುಗಳನ್ನು ಹೇಳಿದೆ. ಮೂಗಿನಿಂದ ಆಡುತ್ತಿದ್ದ ಉಸಿರು ಬಾಯಿಗೆ ಬರುವುದು, ಹಣೆ, ಮೂಗು, ಕಂಕುಳು, ಕೀಲುಗಳಲ್ಲಿ ಬೆವರೊಡೆಯುವುದು, ಬಾಯಿ ಒಣಗುವುದು. ಈ ಲಕ್ಷಣ ಕಂಡಲ್ಲಿಗೆ ಅಂದಿನ ವ್ಯಾಯಾಮ ಸಾಕು.

ಇಂದಿನ ವೈದ್ಯಶಾಸ್ತ್ರ ಹೇಳುವ ಮಾತಿನ ಪರೀಕ್ಷೆಯೂ ಇದಕ್ಕೆ ಹತ್ತಿರದ್ದೇ. ನಡೆಯುವಾಗ ಜೊತೆಗಾರರೊಡನೆ ಮಾತನಾಡಲು ಬರಬೇಕು, ಆದರೆ ಹಾಡಲು ಬರಬಾರದು. ಹಾಡಲು ಬಂದರೆ ನಡಿಗೆ ಸಾಲದು. ಮಾತೂ ತುಂಡಾದರೆ ಅತಿಯಾಯಿತು. ಗಡಿಯಾರವಿಲ್ಲದಿದ್ದರೂ, ಓದುಬರಹ ಬಾರದಿದ್ದರೂ ಈ ಅಳತೆ ಎಲ್ಲರ ಬಳಿಯೂ ಇದೆ. ಒಬ್ಬರ ಅರ್ಧಶಕ್ತಿ ಇನ್ನೊಬ್ಬರದಲ್ಲ. ನಿನ್ನೆಯದು ಇಂದಿನದೂ ಅಲ್ಲ. ನೆರೆಮನೆಯವರು ಎಷ್ಟು ಸುತ್ತು ಹಾಕಿದರೆಂದು ನೋಡಿ ನಾವು ಹಾಕುವುದು ಶಾಸ್ತ್ರಕ್ಕೆ ವಿರುದ್ಧವಾದುದು.

ನಾಲ್ಕು ಪಾದಗಳ ಕ್ರಮ

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ಪಾದಾಂಶಿಕ ಕ್ರಮವೆಂಬ ವಿಧಾನವಿದೆ. ರೂಢಿಯಾಗಿರುವ ಅಹಿತವನ್ನು ಕಾಲುಭಾಗ ಕಾಲುಭಾಗವಾಗಿ ಬಿಡುತ್ತ, ಅದರ ಸ್ಥಳದಲ್ಲಿ ಹಿತವಾದುದನ್ನು ಕಾಲುಭಾಗ ಕಾಲುಭಾಗವಾಗಿ ತರುವುದು ಇದರ ತಿರುಳು. ಒಮ್ಮೆಲೇ ಬಿಟ್ಟರೂ ಒಮ್ಮೆಲೇ ಹಿಡಿದರೂ ದೇಹ ಕೆಡುತ್ತದೆಂಬುದು ಇದರ ಹಿಂದಿನ ತಿಳಿವು. ಆಚಾರ್ಯರು ಹೇಳಿದ ಅಂತರ ದಿನಗಳದ್ದು. ಬಹುಕಾಲ ವ್ಯಾಯಾಮ ಕಾಣದ ಇಂದಿನ ದೇಹಗಳಿಗೆ ಒಂದೊಂದು ಪಾದಕ್ಕೆ ಮೂರು ವಾರಗಳನ್ನು ನಾವು ಕೊಡುತ್ತೇವೆ. ಗುರಿ ದಿನಕ್ಕೆ 40 ನಿಮಿಷಗಳ ನಡಿಗೆ.

ಮೊದಲನೆಯ ಪಾದ, 1ರಿಂದ 3ನೆಯ ವಾರ: ದಿನಕ್ಕೆ 10 ನಿಮಿಷ. ಐದು ನಿಮಿಷ ಮನೆಯಿಂದ ಮುಂದಕ್ಕೆ, ಐದು ನಿಮಿಷ ಹಿಂದಕ್ಕೆ. "ಇಷ್ಟೇನಾ?" ಎಂದು ಅನ್ನಿಸಬೇಕು. ಈ ಮೂರು ವಾರಗಳಲ್ಲಿ ತೂಕ ಇಳಿಯದು. ಇಳಿಸುವುದು ಇದರ ಉದ್ದೇಶವೂ ಅಲ್ಲ. ಹೊತ್ತು ಹೊತ್ತಿಗೆ ಕಾಲು ತಾನಾಗಿ ಹೊಸ್ತಿಲು ದಾಟುವಂತೆ ಆಗುವುದೇ ಉದ್ದೇಶ.

ಎರಡನೆಯ ಪಾದ, 4ರಿಂದ 6ನೆಯ ವಾರ: 20 ನಿಮಿಷ. ನಡುವಿನ 10 ನಿಮಿಷ ಸ್ವಲ್ಪ ಬಿರುಸು, ಮೊದಲ ಮತ್ತು ಕೊನೆಯ 5 ನಿಮಿಷ ಸಾವಕಾಶ.

ಮೂರನೆಯ ಪಾದ, 7ರಿಂದ 9ನೆಯ ವಾರ: 30 ನಿಮಿಷ. ಬೇಕಾದರೆ ಮುಂಜಾನೆ 15, ಸಂಜೆ 15 ಎಂದು ಹಂಚಿಕೊಳ್ಳಬಹುದು, ಫಲ ಕಡಿಮೆಯಾಗದು.

ನಾಲ್ಕನೆಯ ಪಾದ, 10ರಿಂದ 12ನೆಯ ವಾರ: 40 ನಿಮಿಷ. ವಾರಕ್ಕೆ ಆರು ದಿನ ನಡೆದರೆ 240 ನಿಮಿಷಗಳಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆಯನ್ನು ಸೂಚಿಸಿದೆ. ನಮ್ಮ ಲೆಕ್ಕ ಅದರೊಳಗೇ ಇದೆ.

ಒಂದು ಪಾದ ಮುಗಿದಾಗ ದಣಿವು, ಮೊಣಕಾಲು ನೋವು ಉಳಿದಿದ್ದರೆ ಅದೇ ಪಾದದಲ್ಲಿ ಇನ್ನೂ ಮೂರು ವಾರ ನಿಲ್ಲಿರಿ. ಮೇಲೆ ಹೇಳಿದ ವ್ಯಾಪಾರಿಗಳು ಎರಡನೆಯ ಪಾದದಲ್ಲಿಯೇ ಒಂಬತ್ತು ವಾರ ನಿಂತರು. ಅವಸರಪಡಲಿಲ್ಲ; ಇಂದಿಗೂ ನಡೆಯುತ್ತಿದ್ದಾರೆ.

ಹೇಮಂತ, ಶಿಶಿರ, ವಸಂತ ಋತುಗಳಲ್ಲಿ ಅರ್ಧಶಕ್ತಿಯ ವ್ಯಾಯಾಮವೂ ಉಳಿದ ಕಾಲದಲ್ಲಿ ಮೃದುವಾದ ವ್ಯಾಯಾಮವೂ ವಿಹಿತ. ಮಾರ್ಗಶಿರ ಮಾಸದ ಮೊದಲ ದಿನ ತೊಡಗಿದವರು ಮಹಾಶಿವರಾತ್ರಿಯ ಹೊತ್ತಿಗೆ ನಾಲ್ಕು ಪಾದಗಳನ್ನು ಮುಗಿಸಿರುತ್ತಾರೆ. ಬೇರೆ ಮಾಸದಲ್ಲಿ ತೊಡಗಬಾರದೆಂದಲ್ಲ. ಬಿಸಿಲುಗಾಲವಾದರೆ ಸೂರ್ಯ ಏರುವ ಮೊದಲೇ ಮುಗಿಸಬೇಕು, ಅಷ್ಟೆ.

ಕುರ್ಚಿ ಮತ್ತು ಗೋಡೆ

ನಡಿಗೆಯೊಂದರಿಂದ ಮಾಂಸಬಲ ಪೂರ್ತಿಯಾಗಿ ಬಾರದು. ವಯಸ್ಸಾದಂತೆ ಮಾಂಸಧಾತು ಕ್ಷೀಣಿಸುತ್ತದೆ. ಊಟ ಕಡಿಮೆ ಮಾಡಿ ತೂಕ ಇಳಿಸುವಾಗ ಕೊಬ್ಬಿನೊಡನೆ ಮಾಂಸವೂ ಕರಗುತ್ತದೆ. ಅದನ್ನು ಕಾಯ್ದುಕೊಳ್ಳಲು ವಾರಕ್ಕೆ ಎರಡು ದಿನ ಬಲದ ವ್ಯಾಯಾಮ ಬೇಕು.

ಬೆಳಗಾವಿ ಸೀಮೆಯವರಿಗೆ ಇದು ಹೊಸದಲ್ಲ. ಗರಡಿ, ತಾಲೀಮುಗಳ ನಾಡಿದು. ದಂಡ, ಬಸ್ಕಿ, ಸಾಮು ನಮ್ಮ ಹಿರಿಯರ ದಿನಚರಿಯಲ್ಲಿದ್ದವು. ಗರಡಿಯಲ್ಲಿಯೂ ಹೊಸ ಹುಡುಗನಿಗೆ ಮೊದಲ ದಿನವೇ ಪೈಲ್ವಾನರ ಲೆಕ್ಕವನ್ನು ವಸ್ತಾದರು ಕೊಡುತ್ತಿರಲಿಲ್ಲ. ನಡುವಯಸ್ಸಿನ ನಮಗೆ ಬಸ್ಕಿಯ ಬದಲು ಕುರ್ಚಿ, ದಂಡದ ಬದಲು ಗೋಡೆ ಸಾಕು. ಗಟ್ಟಿಯಾದ ಕುರ್ಚಿಯಲ್ಲಿ ಕುಳಿತು ಕೈಯೂರದೆ ಎದ್ದು ನಿಂತು ಮತ್ತೆ ಮೆಲ್ಲಗೆ ಕೂಡುವುದು, 5 ಸಲ. ಗೋಡೆಯಿಂದ ಒಂದು ಮೊಳ ಹಿಂದೆ ನಿಂತು, ಅಂಗೈಗಳನ್ನು ಎದೆಯ ಎತ್ತರಕ್ಕೆ ಊರಿ, ಮೊಣಕೈ ಮಡಚಿ ಗೋಡೆಯತ್ತ ಬಾಗಿ ಮತ್ತೆ ಹಿಂದಕ್ಕೆ ನೂಕಿಕೊಳ್ಳುವುದು, 5 ಸಲ. ಎರಡನೆಯ ಪಾದದಿಂದ ಇವನ್ನು ಸೇರಿಸಿಕೊಂಡು, ಪ್ರತಿ ಪಾದಕ್ಕೂ ಎರಡೆರಡು ಸಲ ಹೆಚ್ಚಿಸಬಹುದು. ಮೊಣಕಾಲು ನೋವಿದ್ದವರು ಎತ್ತರದ ಕುರ್ಚಿಯನ್ನು ಬಳಸಲಿ, ಕೈಯೂರಿಯೇ ಏಳಲಿ. ವ್ಯಾಯಾಮ ಬಿಟ್ಟ ಮೇಲೂ ಅಖಾಡದ ಕಾಲದ ಊಟವನ್ನು ಬಿಡದ ಹಳೆಯ ಪೈಲ್ವಾನರಿಗೆ ಈ ಕ್ರಮ ಬಹಳ ಉಪಯುಕ್ತ.

ಎಲ್ಲಿ ನಡೆಯಬೇಕು? ಮಳೆ ಬಂದರೆ?

ಬೆಳಗಾವಿಯವರಿಗೆ ಕೋಟೆ ಕೆರೆಯ ದಂಡೆಯಿದೆ, ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಮರಗಳ ನೆರಳಿದೆ. ಆದರೆ ಅಲ್ಲಿಗೆ ಹೋಗಲು ಸ್ಕೂಟರ್ ತೆಗೆಯಬೇಕಾದರೆ ನಿಮ್ಮ ಓಣಿಯೇ ಲೇಸು. ದೂರದ ಸ್ಥಳವೆಂಬುದು ನಡಿಗೆ ತಪ್ಪಿಸಲು ಮೊದಲ ನೆಪವಾಗುತ್ತದೆ. ಖಾನಾಪುರದಿಂದ ದಿನವೂ ಬೆಳಗಾವಿಗೆ ಕೆಲಸಕ್ಕೆ ಬರುವವರು ಹೋಗಿಬರುವ ಪ್ರಯಾಣದಲ್ಲಿಯೇ ಬಹಳ ಹೊತ್ತು ಕುಳಿತಿರುತ್ತಾರೆ. ಅಂಥವರು ಒಂದು ನಿಲುಗಡೆ ಮೊದಲೇ ಇಳಿದು ನಡೆದರೆ ಹತ್ತು ನಿಮಿಷದ ಪಾದ ಪ್ರತ್ಯೇಕ ಸಮಯವಿಲ್ಲದೆಯೇ ಪೂರ್ತಿಯಾಗುತ್ತದೆ.

ಖಾನಾಪುರ ತಾಲ್ಲೂಕಿನ ಬಂಧುಗಳಿಗೆ ಎರಡು ಎಚ್ಚರಿಕೆ. ಬೆಳಗಾವಿ-ಪಣಜಿ ಹೆದ್ದಾರಿಯ ಅಂಚಿನಲ್ಲಿ ನಸುಕಿನ ಕತ್ತಲೆಯಲ್ಲಿ ನಡೆಯಬೇಡಿರಿ; ನಡೆಯಲೇಬೇಕಾದರೆ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ, ಬಿಳಿಯ ಬಟ್ಟೆ ತೊಟ್ಟು ನಡೆಯಿರಿ. ಭೀಮಗಡದ ಕಾಡಿನ ಮಗ್ಗುಲ ಹಳ್ಳಿಗಳವರು ಸೂರ್ಯೋದಯದ ನಂತರವೇ, ಇಬ್ಬರು ಮೂವರು ಕೂಡಿ ಹೊರಡಿರಿ. ಕರಡಿಯ ಹಾವಳಿ ನಿಮಗೆ ತಿಳಿಯದ್ದೇನಲ್ಲ.

ಇನ್ನು ಮಳೆ. ನಮ್ಮ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲಿಯೂ ಕಣಕುಂಬಿ, ಜಾಂಬೋಟಿ ಕಡೆಗೆ, ದಿನಗಟ್ಟಲೆ ಬಿಡದೆ ಸುರಿಯುತ್ತದೆ. ಉತ್ತಮವಾಗಿ ನಡೆಯುತ್ತಿದ್ದ ವ್ಯಾಯಾಮ ನಿಲ್ಲುವುದು ಹೆಚ್ಚಾಗಿ ಮೃಗಶಿರಾ ಮಳೆಗೇ. ಆದ್ದರಿಂದ ಮಳೆಗಾಲದ ಕ್ರಮವನ್ನು ಬೇಸಿಗೆಯಲ್ಲಿಯೇ ಗೊತ್ತುಮಾಡಿಕೊಳ್ಳಬೇಕು. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡಿಗೆ, ನಿಂತಲ್ಲಿಯೇ ಮೊಣಕಾಲೆತ್ತಿ ಹೆಜ್ಜೆ ಹಾಕುವುದು, ಕುರ್ಚಿ ಮತ್ತು ಗೋಡೆಯ ವ್ಯಾಯಾಮ, ಇವು ಒಟ್ಟು 20 ನಿಮಿಷ. ವರ್ಷಾಋತುವಿನಲ್ಲಿ ಅಗ್ನಿಯೂ ಬಲವೂ ಮಂದವಾಗಿರುವುದರಿಂದ ಶಾಸ್ತ್ರವೂ ಆಗ ಹೆಚ್ಚು ಕೇಳುವುದಿಲ್ಲ. ಬಿಸಿಲುಗಾಲದ ನಲವತ್ತು ಮಳೆಗಾಲದಲ್ಲಿ ಇಪ್ಪತ್ತಾದರೆ ದೋಷವಿಲ್ಲ, ಸೊನ್ನೆಯಾಗಬಾರದು. ಶ್ರಾವಣದಲ್ಲಿ ಪ್ರವಚನ ಕೇಳಲು ಮಠಕ್ಕೆ ಬರುವವರು ಮಳೆ ಬಿಟ್ಟ ದಿನ ನಡೆದೇ ಬರಲಿ.

ತಾಯಂದಿರ ಪ್ರಶ್ನೆ

"ಡಾಕ್ಟರ್ ಸಾಹೇಬರ, ನಸುಕಿನ್ಯಾಗ ಎದ್ರ ರಾತ್ರಿತನಕ ಕೂಡೂದಿಲ್ಲ, ಮತ್ತ ನಾ ಯಾಕ ವಾಕಿಂಗ್ ಹೋಗಬೇಕ್ರಿ?" ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮನೆಗೆಲಸ ಶ್ರಮವೇ; ಅದನ್ನು ಕೀಳೆಂದು ನಾವು ಹೇಳುವುದಿಲ್ಲ. ಆದರೆ ನಿಂತು ರೊಟ್ಟಿ ಬಡಿಯುವುದು, ಬಾಗಿ ಕಸ ಗುಡಿಸುವುದು, ತುಸು ನಡೆದು ತುಸು ನಿಲ್ಲುವುದು ಮೈಯನ್ನು ದಣಿಸುತ್ತವೆಯೇ ಹೊರತು, ಉಸಿರು ಅರ್ಧಶಕ್ತಿಯ ಗುರುತನ್ನು ಮುಟ್ಟುವಂತೆ ಹತ್ತು ನಿಮಿಷ ಬಿಡದೆ ಸಾಗುವುದು ವಿರಳ. ಹಿಂದೆ ಬೀಸುವುದು, ಕುಟ್ಟುವುದು, ಹೊಳೆಯಿಂದ ನೀರು ತರುವುದು ಆ ಕೊರತೆಯನ್ನು ತುಂಬುತ್ತಿದ್ದವು. ಮಿಕ್ಸರ್, ಗಿರಣಿ, ನಳಗಳು ಬಂದಮೇಲೆ ಶ್ರಮ ಇಳಿಯಿತು, ಊಟದ ಅಳತೆ ಇಳಿಯಲಿಲ್ಲ. ಹೊಲದಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಗಂಡಸರಿಗೂ ಇದೇ ಮಾತು ಸಲ್ಲುತ್ತದೆ.

ತಾಯಂದಿರಿಗೆ ಅಡ್ಡಿಯಾಗಿರುವುದು ಹೆಚ್ಚಾಗಿ ಹೊತ್ತು ಮತ್ತು ಸಂಕೋಚ. ಮುಂಜಾನೆಯ ಹೊತ್ತು ಡಬ್ಬಿ ಕಟ್ಟುವುದರಲ್ಲಿ ಹೋಗುತ್ತದೆ. ಸಂಜೆ ಒಬ್ಬರೇ ಹೊರಟರೆ ಮಂದಿ ಏನೆನ್ನುವರೋ ಎಂಬ ಅಂಜಿಕೆ. ಓಣಿಯ ಮೂವರು ನಾಲ್ವರು ಕೂಡಿ ಹೊರಟರೆ ಅಂಜಿಕೆ ಹೋಗುತ್ತದೆ. ಅಕ್ಕನ ಬಳಗ, ಭಜನಾ ಮಂಡಳಗಳು ಇದನ್ನು ಕೈಗೆತ್ತಿಕೊಳ್ಳಬಹುದು. ಹೊತ್ತನ್ನು ಕೊಡಬೇಕಾದವರು ಮನೆಯವರು. ತಾಯಿಗೆ ದಿನದಲ್ಲಿ ಹತ್ತು ನಿಮಿಷ ಬಿಡುವು ಮಾಡಿಕೊಡುವುದೂ ದಾಸೋಹವೇ.

ಒಂದು ಚಮಚ ಎಣ್ಣೆಯ ಲೆಕ್ಕ

70 ಕಿಲೊ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ವ್ಯಯವಾಗುವುದು ಸುಮಾರು 120 ಕ್ಯಾಲೊರಿ. ಅಡುಗೆಯ ದೊಡ್ಡ ಚಮಚದ ಒಂದು ಚಮಚ, ಅಂದರೆ 15 ಮಿಲಿಲೀಟರ್ ಎಣ್ಣೆಯಲ್ಲಿಯೂ ಅಷ್ಟೇ ಇದೆ. ನಡೆದು ಬಂದು ಮಿರ್ಚಿ ಭಜಿಯ ತಟ್ಟೆಯ ಮುಂದೆ ಕುಳಿತರೆ ಅರ್ಧ ಗಂಟೆಯ ಶ್ರಮ ಎರಡು ನಿಮಿಷದಲ್ಲಿ ಮರಳಿ ಬರುತ್ತದೆ. ಆದ್ದರಿಂದ ಊಟದ ಹಿತಮಿತವಿಲ್ಲದೆ ವ್ಯಾಯಾಮವೊಂದರಿಂದಲೇ ತೂಕ ಇಳಿಸಲು ಹೊರಟವರಿಗೆ ನಿರಾಶೆ ತಪ್ಪದು.

ಇಲ್ಲಿಯೂ ಪಾದಾಂಶಿಕ ಕ್ರಮವೇ ಸರಿ. ಮೊದಲ ಮೂರು ವಾರ ಚಹಾದ ಸಕ್ಕರೆಯಲ್ಲಿ ಕಾಲುಭಾಗ, ತಟ್ಟೆಯ ಅನ್ನದಲ್ಲಿ ಕಾಲುಭಾಗ ಬಿಡಿರಿ. ಬಿಟ್ಟ ಸ್ಥಳದಲ್ಲಿ ಸೊಪ್ಪಿನ ಪಲ್ಯ, ಮೊಳಕೆಕಾಳು, ಸೌತೆಕಾಯಿ ಬರಲಿ. ಜೋಳದ ರೊಟ್ಟಿ ಒಳ್ಳೆಯದೇ, ಆದರೆ ಐದು ರೊಟ್ಟಿ ಐದೇ. ಶೇಂಗಾ ಚಟ್ನಿಯ ಮೇಲೆ ಸುರಿಯುವ ಎಣ್ಣೆಗೂ ಲೆಕ್ಕವಿರಲಿ. ಬೆಳಗಾವಿಯ ಕುಂದಾ, ಗೋಕಾಕದ ಕರದಂಟು ಹಬ್ಬದ ದಿನದ ತಿನಿಸುಗಳಾಗಿಯೇ ಉಳಿಯಲಿ. ಮಠದ ಪ್ರಸಾದವನ್ನು ಬೇಡವೆನ್ನಬೇಕಾಗಿಲ್ಲ. ಪ್ರಸಾದವನ್ನು ಚೆಲ್ಲಬಾರದೆಂಬುದೇ ನಮ್ಮ ನಿಯಮವಾದ್ದರಿಂದ, ನೀಡುವವರಿಗೆ ಮೊದಲೇ "ಸಾಕು" ಎಂದು ಕೈಮುಗಿಯುವುದು ಪ್ರಸಾದಕ್ಕೆ ಸಲ್ಲಿಸುವ ಗೌರವ. ರಾತ್ರಿಯ ಊಟವಾದ ಮೇಲೆ ನೂರು ಹೆಜ್ಜೆ ನಡೆಯುವ ಶತಪದಿಯ ಪದ್ಧತಿ ಸಕ್ಕರೆ ಕಾಯಿಲೆಯವರಿಗೂ ಹಿತಕರ.

ಬಿಸಿನೀರಿಗೆ ಜೇನು ಬೆರೆಸಿ ಕುಡಿದರೆ ಕೊಬ್ಬು ಕರಗುವುದೆಂದು ನಂಬಿ ನಡಿಗೆಯನ್ನೇ ಬಿಟ್ಟವರಿದ್ದಾರೆ. ಜೇನನ್ನು ಬಿಸಿಯೊಡನೆ ಸೇವಿಸಬಾರದೆಂಬುದು ನಮ್ಮ ಶಾಸ್ತ್ರದ ಮಾತು. ಸಕ್ಕರೆ ಕಾಯಿಲೆಯವರಿಗಂತೂ ಜೇನೂ ಸಕ್ಕರೆಯೇ. ನಡಿಗೆಗೆ ಬದಲಾಗಿ ಕೊಡಬಹುದಾದ ಚೂರ್ಣ ನಮ್ಮ ಬಳಿ ಇಲ್ಲ.

ತೂಕದ ಯಂತ್ರ ಹೇಳದ ಮಾತು

ಮೊದಲ ಮೂರು ತಿಂಗಳಲ್ಲಿ ಯಂತ್ರದ ಮುಳ್ಳು ಬಹಳ ಅಲುಗದಿರಬಹುದು. ಖಾನಾಪುರದ ಆ ವ್ಯಾಪಾರಿಗಳಿಗೆ ಮೂರು ತಿಂಗಳಲ್ಲಿ ಇಳಿದದ್ದು ಒಂದೂವರೆ ಕಿಲೊ ಮಾತ್ರ. ಬಿಟ್ಟುಬಿಡುತ್ತೇನೆಂದು ಬಂದವರ ಸೊಂಟವನ್ನು ಅಳೆದಾಗ ಎರಡು ಅಂಗುಲ ಕಡಿಮೆಯಾಗಿತ್ತು; ಅಂಗಡಿಯ ಅಟ್ಟವನ್ನು ಏದದೆ ಹತ್ತುತ್ತಿದ್ದರು. ಒಂದು ವರ್ಷದ ಮೇಲೆ ಅವರ ತೂಕ 85 ಕಿಲೊ.

ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದ ಫಲವನ್ನು ಇಲ್ಲಿ ನೆನೆಯಬೇಕು. ಮಧುಮೇಹದ ಅಂಚಿನಲ್ಲಿದ್ದವರಲ್ಲಿ ಊಟದ ಹಿತಮಿತ ಮತ್ತು ದಿನನಿತ್ಯದ ನಡಿಗೆಯನ್ನು ರೂಢಿಸಿಕೊಂಡವರಿಗೆ ಕಾಯಿಲೆ ಬರುವ ಸಂಭವ ನೂರಕ್ಕೆ 28.5ರಷ್ಟು ಕಡಿಮೆಯಾಯಿತು. ಅವರ ತೂಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ಇಳಿತವಿರಲಿಲ್ಲ. ಮುಳ್ಳು ಅಲುಗದಿದ್ದಾಗಲೂ ನಡಿಗೆ ಒಳಗೆ ತನ್ನ ಕೆಲಸವನ್ನು ಮಾಡುತ್ತಿರುತ್ತದೆ. ತೂಕವನ್ನು ವಾರಕ್ಕೊಮ್ಮೆ, ಸುತ್ತಳತೆಯನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು, ದಿನವೂ ನೋಡಬಾರದು.

ಮೊದಲೇ ವೈದ್ಯರನ್ನು ಕಾಣಬೇಕಾದವರು

ಹೃದ್ರೋಗ, ಅಧಿಕ ರಕ್ತದೊತ್ತಡ, ಮಧುಮೇಹ, ಉಬ್ಬಸ ಇರುವವರು, ಗರ್ಭಿಣಿಯರು ಮತ್ತು ಬಹುಕಾಲ ವ್ಯಾಯಾಮ ಮಾಡದ ನಲವತ್ತು ದಾಟಿದವರು ವೈದ್ಯರ ಸಲಹೆ ಪಡೆದೇ ತೊಡಗಬೇಕು. ಕಾರಣವಿಲ್ಲದೆ ತೂಕ ಏರುತ್ತ, ಮೈ ಜಡವಾಗಿ, ಚಳಿ ಹೆಚ್ಚಾಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿರಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೂರ ನಡೆಯಬಾರದು. ಕೈನಡುಕ, ತಣ್ಣನೆಯ ಬೆವರು, ಕಣ್ಣುಕತ್ತಲೆ ಬಂದರೆ ಬಾಯಿಗೆ ಹಾಕಿಕೊಳ್ಳಲು ಸಕ್ಕರೆ ಜೇಬಿನಲ್ಲಿರಬೇಕು. ಪಾದದ ಸ್ಪರ್ಶ ಕುಂದಿದವರು ಬರಿಗಾಲಿನಲ್ಲಿ ನಡೆಯಲೇಬಾರದು. ನಡೆಯುವಾಗ ಎದೆ ಬಿಗಿತ, ಎಡತೋಳು ಅಥವಾ ದವಡೆಗೆ ಹಬ್ಬುವ ನೋವು, ತಲೆಸುತ್ತು ಕಂಡರೆ ಅಲ್ಲಿಯೇ ಕುಳಿತು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ ಎಂದು ಅಲಕ್ಷಿಸಬಾರದು. ನಡಿಗೆ ತೊಡಗಿದೆನೆಂದು ನಡೆಯುತ್ತಿರುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ತಪ್ಪಿದ ದಿನ

ಎಷ್ಟೇ ನಿಷ್ಠೆಯಿದ್ದರೂ ದಿನ ತಪ್ಪುತ್ತದೆ. ಮದುವೆ, ಜಾತ್ರೆ, ಸಾವುನೋವು, ಜ್ವರ ಯಾರ ಮನೆಗೂ ತಪ್ಪಿದ್ದಲ್ಲ. ಒಂದು ದಿನ ತಪ್ಪಿದರೆ ಮರುದಿನ ಎಂದಿನಂತೆ ನಡೆಯಿರಿ. ಎರಡು ದಿನದ್ದನ್ನು ಸೇರಿಸಿ ನಡೆಯಬೇಡಿರಿ. ಒಂದು ವಾರ ತಪ್ಪಿದರೆ ಹಿಂದಿನ ಪಾದಕ್ಕೆ ಇಳಿದು ಮತ್ತೆ ಏರಿರಿ. ಎಲ್ಲವೂ ಕೆಟ್ಟಿತೆಂದು ಕೈಬಿಡುವುದೊಂದೇ ಇಲ್ಲಿ ಸೋಲು.

ಹೊಸ ನೇಮವನ್ನು ಹಳೆಯ ನೇಮಕ್ಕೆ ಕಟ್ಟಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಲಿಂಗಪೂಜೆಯನ್ನು ನಾವು ಹುರುಪು ಬಂದ ದಿನ ಎರಡು ತಾಸು ಮಾಡಿ, ಬೇಸರವಾದ ದಿನ ಬಿಡುವುದಿಲ್ಲ, ಅದು ನಿತ್ಯ. ಅದರ ಮುಂಚೆ ನಡಿಗೆಯನ್ನು ಇಟ್ಟುಕೊಳ್ಳಿರಿ. ನಸುಕಿನಲ್ಲಿ ಎದ್ದು, ಶೌಚ ಮುಗಿಸಿ, ತುಸು ನೀರು ಕುಡಿದು ನಡಿಗೆ. ಬೆವರಾರಿದ ಮೇಲೆ ಸ್ನಾನ. ಬಳಿಕ ವಿಭೂತಿ ಧರಿಸಿ ಪೂಜೆ. ನಡಿಗೆಯಿಂದ ಹಗುರವಾದ ಮೈ ಪೂಜೆಯಲ್ಲಿ ತೂಕಡಿಸುವುದಿಲ್ಲವೆಂಬುದನ್ನು ನೀವೇ ಕಂಡುಕೊಳ್ಳುವಿರಿ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ನೋಡಿದವರಿಗೆ ಅದೇ ನೀರು ಖಾನಾಪುರವನ್ನು ಹಾದು, ಬಯಲುಸೀಮೆಯನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದೆಂದು ನಂಬುವುದೇ ಕಷ್ಟ. ಅದು ಅಲ್ಲಿಗೆ ಮುಟ್ಟುವುದು ನಿಲ್ಲದೆ ಹರಿಯುವುದರಿಂದ. ನಾಳಿನ ಮುಂಜಾನೆ ಹತ್ತು ನಿಮಿಷಗಳಿಗೆ ಹೊರಡಿರಿ. ಹನ್ನೊಂದನೆಯ ನಿಮಿಷಕ್ಕೆ ಮನೆಗೆ ಮರಳಿರಿ. ಮರುದಿನವೂ ಹಾಗೆಯೇ ಮಾಡಿರಿ. ಎಲ್ಲರಿಗೂ ಆಯುರಾರೋಗ್ಯವಾಗಲಿ. ಶರಣು ಶರಣಾರ್ಥಿ.